ಬೆಂಕಿಯಿಲ್ಲದ ಪಾಕ

೧

ಹಸಿಯ ಮೊಟ್ಟೆಯನ್ನು ಕುದಿಯುವ ನೀರಿನಲ್ಲಿಟ್ಟರೆ ಅದರೊಳಗಿನ ತಿಳಿಯಾದ ಲೋಳೆಯು ಕೆಲವೇ ನಿಮಿಷಗಳಲ್ಲಿ ಬೆಳ್ಳಗೆ ಗಟ್ಟಿಯಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಕಾಸಿದ ಹಾಲು ಹಸಿಯ ಹಾಲಿಗಿಂತ ಹೆಚ್ಚು ಹೊತ್ತು ಕೆಡದೆ ಇರುವುದೆಂಬುದನ್ನು ನಮ್ಮ ಮನೆಯ ಹಿರಿಯರು ಯಾವ ಶಾಸ್ತ್ರದ ನೆರವೂ ಇಲ್ಲದೆ ಅರಿತಿದ್ದರು. ಈ ಎರಡು ಕಾರ್ಯಗಳಿಗೂ ಕಾರಣವೊಂದೇ, ಅದು ಬೆಂಕಿ. ಆದುದರಿಂದ, ಆಹಾರಪದಾರ್ಥಗಳ ಸ್ವಭಾವವನ್ನು ಮಾರ್ಪಡಿಸತಕ್ಕ ಶಕ್ತಿ ಶಾಖವೊಂದೇ ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿರುವುದು ಸಹಜವಾಗಿದೆ. ಹೀಗಿರಲು, ಬೆಂಕಿಯ ಸೋಂಕೇ ಇಲ್ಲದೆ, ಕೇವಲ ಅದುಮುವುದರಿಂದಲೇ ಮೊಟ್ಟೆಯ ಲೋಳೆಯನ್ನು ಗಟ್ಟಿಮಾಡಬಹುದು, ಹಾಲನ್ನು ಕೆಡದಂತೆ ಇಡಬಹುದು ಎಂದು ಯಾರಾದರೂ ಹೇಳಿದರೆ ವಾಚಕರು ನಗದೆ ಇರಲಾರರು. ಆದರೂ ಇದು ನಡೆದ ಸಂಗತಿ. ಇದರ ಕಥೆ ನೂರು ವರ್ಷಗಳಿಗೂ ಮಿಕ್ಕಿದುದು. ಆ ಕಥೆಯ ನಡುವೆ ಒಂದು ಒಗಟೂ ಇದೆ. ಅದು ಬಿಡುವುದಕ್ಕೆ ಐವತ್ತು ವರ್ಷಗಳಿಗೆ ಕಡಮೆಯಿಲ್ಲದೆ ಹಿಡಿಯಿತು.

ಮೊದಲು ಅಳತೆಯ ಮಾತು. ಸಮುದ್ರದ ಮಟ್ಟದಲ್ಲಿ ಗಾಳಿಯು ನಮ್ಮ ಮೇಲೆ ಹಾಕುವ ಒತ್ತಡವನ್ನು ಒಂದು ವಾಯುಭಾರವೆಂದು ಕರೆಯೋಣ. ಅದು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ನೀರಿನಲ್ಲಿ ಹತ್ತು ಮೀಟರು ಇಳಿದರೆ ಇನ್ನೊಂದು ವಾಯುಭಾರ ಕೂಡುವುದು. ನಮ್ಮ ಅಡಿಗೆಮನೆಯ ಕುಕ್ಕರಿನೊಳಗೆ ಇರುವುದು ಸುಮಾರು ಎರಡು ವಾಯುಭಾರ ಮಾತ್ರ. ಅಲ್ಲಿ ಬೇಳೆಯನ್ನು ಬೇಯಿಸುವುದು ಒತ್ತಡವಲ್ಲ, ಶಾಖವೇ. ಒತ್ತಡವು ನೀರನ್ನು ನೂರು ಡಿಗ್ರಿಗಿಂತ ಮೇಲೆ ಕಾಯಲು ಬಿಡುವುದಷ್ಟೆ. ನಾವು ಇಲ್ಲಿ ವಿಚಾರಮಾಡತಕ್ಕ ಒತ್ತಡವಾದರೋ ಸಾವಿರಾರು ವಾಯುಭಾರಗಳದು. ಏಳು ಸಾವಿರ ವಾಯುಭಾರವೆಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ದೊಡ್ಡ ಆನೆಯೊಂದರ ತೂಕಕ್ಕಿಂತ ಹೆಚ್ಚಿನ ಭಾರ. ಆದರೆ ಇದು ಕಲ್ಲಿನಿಂದ ಜಜ್ಜಿದಂತೆ ಒಂದು ಕಡೆಯಿಂದ ಬೀಳುವ ಪೆಟ್ಟಲ್ಲ. ದ್ರವದ ಮೂಲಕ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುವ ಅಮುಕು. ನೀರಿನಲ್ಲಿಟ್ಟ ದ್ರಾಕ್ಷಿಯ ಹಣ್ಣು ಇಂತಹ ಒತ್ತಡದಲ್ಲಿಯೂ ಅಪ್ಪಚ್ಚಿಯಾಗದು. ಬದಲಾವಣೆಯೆಲ್ಲ ಕಣ್ಣಿಗೆ ಕಾಣದ ಅಣುಗಳ ಮಟ್ಟದಲ್ಲಿ ನಡೆಯುವುದು.

೨

ಒತ್ತಡಕ್ಕೂ ಜೀವಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಮೊದಲು ಎದ್ದುದು ಪ್ರಯೋಗಶಾಲೆಯಲ್ಲಲ್ಲ, ಸಮುದ್ರದ ಮೇಲೆ. ೧೮೪೦ರ ದಶಕದಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಈಜಿಯನ್ ಸಮುದ್ರದ ತಳವನ್ನು ಬಲೆಯಿಂದ ಕೆರೆದು ನೋಡಿ, ಆಳಕ್ಕೆ ಹೋದಂತೆ ಪ್ರಾಣಿಗಳು ಕಡಮೆಯಾಗುವುವೆಂದು ಕಂಡನು. ಸುಮಾರು ೫೫೦ ಮೀಟರುಗಳ ಕೆಳಗೆ ಜೀವವೇ ಇರಲಾರದೆಂದು ಆತನು ಊಹಿಸಿದನು. ಕತ್ತಲೆ, ಚಳಿ, ಮೇಲಿನ ನೀರಿನ ಭಾರ — ಇವುಗಳಲ್ಲಿ ಯಾವ ಜೀವಿ ತಾನೇ ಬಾಳೀತು ಎಂಬ ಮಾತು ಯುಕ್ತವಾಗಿಯೇ ತೋರುತ್ತಿದ್ದಿತು. ಆದರೆ ೧೮೭೨ರಿಂದ ೧೮೭೬ರವರೆಗೆ ಭೂಮಂಡಲವನ್ನು ಸುತ್ತಿ ಬಂದ ಚಾಲೆಂಜರ್ ಎಂಬ ಹಡಗಿನವರು ಸಾವಿರಾರು ಮೀಟರು ಆಳದಿಂದಲೂ ಜೀವಿಗಳನ್ನು ಎತ್ತಿ ತಂದರು. ಊಹೆ ಬಿದ್ದುಹೋಯಿತು. ಅದಕ್ಕೆ ಬದಲಾಗಿ ಬೇರೊಂದು ಪ್ರಶ್ನೆ ಎದ್ದುನಿಂತಿತು: ಅಷ್ಟು ಭಾರವನ್ನು ಇವು ಹೇಗೆ ಸೈರಿಸುವುವು?

ಫ್ರಾನ್ಸಿನಲ್ಲಿ ೧೮೮೪ರ ಸುಮಾರಿಗೆ ಸೆರ್ಟ್ ಮತ್ತು ಪಾಲ್ ರೆನ್ಯಾರ್ ಎಂಬಿಬ್ಬರು ಈ ಪ್ರಶ್ನೆಯನ್ನು ಹಡಗಿನಿಂದ ಪ್ರಯೋಗಶಾಲೆಗೆ ತಂದರು. ಸೆರ್ಟನು ಐದು ಸಾವಿರ ಮೀಟರು ಆಳದಿಂದ ಬಂದ ಮಾದರಿಗಳಲ್ಲಿ ಜೀವವುಳ್ಳ ಸೂಕ್ಷ್ಮಾಣುಗಳನ್ನು ಕಂಡನು. ರೆನ್ಯಾರನು ಉಕ್ಕಿನ ಪಾತ್ರೆಯೊಳಗೆ ನೀರನ್ನು ಅದುಮಿ ಜೀವಿಗಳ ಮೇಲೆ ಆಗುವ ಪರಿಣಾಮವನ್ನು ಪರೀಕ್ಷಿಸಿದನು. ನೂರಾರು ವಾಯುಭಾರಗಳಲ್ಲಿ ಹಿಟ್ಟನ್ನು ಹುದುಗಿಸುವ ಯೀಸ್ಟು ತನ್ನ ಕೆಲಸವನ್ನು ನಿಲ್ಲಿಸಿ ಮೈಮರೆತಂತೆ ಬಿದ್ದಿರುವುದು. ಒತ್ತಡವನ್ನು ತೆಗೆದರೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚೇತರಿಸಿಕೊಳ್ಳುವುದು. ಒತ್ತಡವು ಕೊಲ್ಲದೆಯೂ ತಡೆಯಬಲ್ಲುದು ಎಂಬುದು ಇದರಿಂದ ತಿಳಿದುಬಂದಿತು.

ಅದೇ ೧೮೮೪ರಲ್ಲಿ ಲ ಶಾತೆಲಿಯೇ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ತನ್ನ ಹೆಸರಿನಿಂದ ಪ್ರಸಿದ್ಧವಾದ ನಿಯಮವನ್ನು ಹೇಳಿದನು. ಸಮತೋಲದಲ್ಲಿರುವ ವಸ್ತುವನ್ನು ಅದುಮಿದರೆ ಅದು ಕಡಮೆ ಜಾಗವನ್ನು ಹಿಡಿಯತಕ್ಕ ಸ್ಥಿತಿಯ ಕಡೆಗೆ ಸರಿಯುವುದು ಎಂಬುದು ಅದರ ತಾತ್ಪರ್ಯ. ಮುಂದೆ ನಮ್ಮ ಒಗಟನ್ನು ಬಿಡಿಸಿದ ಬೀಗದ ಕೈ ಇದೇ. ಆದರೆ ಆಗ ಅದನ್ನು ಈ ಬೀಗಕ್ಕೆ ಹಾಕಿ ನೋಡಿದವರಿರಲಿಲ್ಲ.

೩

ಮುಂದಿನ ಹೆಜ್ಜೆಯನ್ನಿಟ್ಟುದು ಹಾಲಿನ ವ್ಯವಹಾರ. ಅಮೆರಿಕಾ ದೇಶದ ಪಶ್ಚಿಮ ವರ್ಜೀನಿಯಾ ಸಂಸ್ಥಾನದ ಕೃಷಿಪ್ರಯೋಗ ಕೇಂದ್ರದಲ್ಲಿ ಬರ್ಟ್ ಹೈಟ್ ಎಂಬ ರಸಾಯನಶಾಸ್ತ್ರಜ್ಞನಿದ್ದನು. ಹಾಲನ್ನು ಕಾಸಿದರೆ ಅದರ ರುಚಿ ಬದಲಾಗುವುದಷ್ಟೆ. ಕಾಸದೆಯೇ ಅದನ್ನು ಉಳಿಸುವ ಬಗೆ ಇದೆಯೇ ಎಂದು ಆತನು ಹುಡುಕಿದನು. ೧೮೯೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಾಲನ್ನು ಸಾವಿರಾರು ವಾಯುಭಾರಗಳಷ್ಟು ಅದುಮಿದರೆ ಅದು ಹುಳಿಯಾಗುವುದು ಹಲವು ದಿನ ತಡವಾಗುವುದೆಂದು ತಿಳಿಸಿದನು. ೧೯೧೪ರಲ್ಲಿ ಆತನೂ ಆತನ ಸಹೋದ್ಯೋಗಿಗಳೂ ಹಣ್ಣು ತರಕಾರಿಗಳ ಮೇಲೆ ಮಾಡಿದ ಪ್ರಯೋಗಗಳು ಹೊರಬಿದ್ದುವು. ಹುಳಿಯುಳ್ಳ ಹಣ್ಣುಗಳೂ ಅವುಗಳ ರಸವೂ ಚೆನ್ನಾಗಿ ಉಳಿದುವು, ತರಕಾರಿಗಳಾದರೋ ಕೆಟ್ಟುಹೋದುವು. ಕೆಲವು ಸೂಕ್ಷ್ಮಾಣುಗಳು ಗಟ್ಟಿ ಕವಚದ ಬೀಜಕಗಳಾಗಿ ನಿದ್ರಿಸುತ್ತಿರುವುವು. ಅವುಗಳನ್ನು ಒತ್ತಡವೊಂದೇ ಕೊಲ್ಲಲಾರದು. ಹಣ್ಣಿನ ಹುಳಿಯಲ್ಲಿ ಅವು ಮೊಳೆಯವು, ತರಕಾರಿಯಲ್ಲಿ ಮೊಳೆಯುವುವು. ಹೈಟನು ಕಂಡ ಈ ಭೇದವು ಇಂದಿಗೂ ನಿಜವಾಗಿಯೇ ಉಳಿದಿದೆ.

ಆದರೆ ಆ ಕಾಲದ ಉಕ್ಕೂ ಬಿರಡೆಗಳೂ ಅಷ್ಟು ಒತ್ತಡವನ್ನು ತಾಳುವಂತಿರಲಿಲ್ಲ. ವ್ಯಾಪಾರಕ್ಕೆ ಒದಗತಕ್ಕಷ್ಟು ದೊಡ್ಡ ಪಾತ್ರೆಗಳನ್ನು ಮಾಡುವುದು ಕೈಲಾಗದ ಮಾತಾಗಿದ್ದಿತು. ಹಾಲನ್ನು ಕಾಸುವುದು ಸುಲಭ, ಅದುಮುವುದು ಕಷ್ಟ. ಸುಲಭವಾದುದೇ ಗೆದ್ದಿತು. ಹೈಟನ ವರದಿ ಪುಸ್ತಕಭಂಡಾರದ ಕಪಾಟನ್ನು ಸೇರಿತು.

೪

ಬಿರಡೆಯ ತೊಡಕನ್ನು ಬಿಡಿಸಿದವನು ಪರ್ಸಿ ಬ್ರಿಜ್‌ಮನ್. ೧೮೮೨ರಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಕೇಂಬ್ರಿಜ್‌ನಲ್ಲಿ ಹುಟ್ಟಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿಯೇ ಓದಿ, ಅಲ್ಲಿಯೇ ಜೀವಮಾನವೆಲ್ಲ ಕೆಲಸಮಾಡಿದ ಈತನು ಯಂತ್ರಗಳನ್ನು ತನ್ನ ಕೈಯಿಂದಲೇ ಮಾಡಿಕೊಳ್ಳುತ್ತಿದ್ದನು. ಅದುವರೆಗೆ ಶೋಧಕರೆಲ್ಲ ಸುಮಾರು ಮೂರು ಸಾವಿರ ವಾಯುಭಾರಗಳಲ್ಲಿ ನಿಂತುಬಿಡುತ್ತಿದ್ದರು. ಅದಕ್ಕಿಂತ ಮೇಲೆ ಹೋದರೆ ದ್ರವವು ಸಂದುಗಳಿಂದ ಸೋರಿಹೋಗುತ್ತಿದ್ದಿತು. ಬ್ರಿಜ್‌ಮನ್ ಮಹಾಶಯನು ಮಾಡಿದ ಬಿರಡೆಯ ಏರ್ಪಾಟು ಬೇರೆಯದು. ಅದರಲ್ಲಿ ಬಿರಡೆಯ ಬಿಲ್ಲೆಯ ಮೇಲೆ ಬೀಳುವ ಒತ್ತಡವು ಒಳಗಿನ ದ್ರವದ ಒತ್ತಡಕ್ಕಿಂತ ಯಾವಾಗಲೂ ಒಂದು ಪಾಲು ಹೆಚ್ಚಾಗಿಯೇ ಇರುವುದು. ಒಳಗಿನ ಒತ್ತಡ ಏರಿದಷ್ಟೂ ಬಿರಡೆ ಬಿಗಿಯಾಗುವುದು; ಸೋರುವ ಮಾತೇ ಇಲ್ಲ. ಇನ್ನು ಎಲ್ಲೆಯೇನಿದ್ದರೂ ಉಕ್ಕಿನ ಗಟ್ಟಿತನದ್ದೇ. ಈ ಸಾಧನದಿಂದ ಆತನು ಇಪ್ಪತ್ತು ಸಾವಿರ ವಾಯುಭಾರಗಳನ್ನೂ, ಮುಂದೆ ಲಕ್ಷವನ್ನೂ ಮುಟ್ಟಿದನು. ೧೯೪೬ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಆತನಿಗೆ ಸಂದುದು ಈ ಕೆಲಸಕ್ಕಾಗಿಯೇ.

ಲೋಹಗಳನ್ನೂ ಲವಣಗಳನ್ನೂ ಮಂಜುಗಡ್ಡೆಯ ಬಗೆಬಗೆಯ ರೂಪಗಳನ್ನೂ ಅದುಮಿ ನೋಡುತ್ತಿದ್ದ ಬ್ರಿಜ್‌ಮನ್ ೧೯೧೪ರಲ್ಲಿ ಒಮ್ಮೆ ಕೋಳಿಮೊಟ್ಟೆಯ ಬಿಳಿಯನ್ನು ತನ್ನ ಯಂತ್ರದೊಳಗೆ ಇಟ್ಟನು. ಐದು ಸಾವಿರ ವಾಯುಭಾರಗಳಲ್ಲಿ ಅದು ಸ್ವಲ್ಪ ಬಿಗಿದುಕೊಂಡಿತು. ಏಳು ಸಾವಿರದಲ್ಲಿ ಅರ್ಧಗಂಟೆ ಇಟ್ಟಾಗ ಪೂರ್ತಿಯಾಗಿ ಹೆಪ್ಪುಗಟ್ಟಿ ಬೇಯಿಸಿದ ಮೊಟ್ಟೆಯಂತೆ ತೋರಿತು. ಶಾಖವನ್ನು ತಾಕಿಸಿರಲಿಲ್ಲ. ಈ ವಿಷಯವನ್ನು ಆತನು ಎರಡೇ ಪುಟಗಳ ಲೇಖನದಲ್ಲಿ ಜೀವರಸಾಯನಶಾಸ್ತ್ರದ ಪತ್ರಿಕೆಯೊಂದಕ್ಕೆ ಬರೆದು ಕಳುಹಿಸಿದನು.

ನಾವು ಮೊದಲು ಹೇಳಿದ ಒಗಟು ಇರುವುದು ಈ ಎರಡು ಪುಟಗಳಲ್ಲಿ. ಲೋಳೆಯನ್ನು ಗಟ್ಟಿಮಾಡುವುದರಲ್ಲಿ ಶಾಖವೂ ಒತ್ತಡವೂ ಒಂದೇ ಕೆಲಸವನ್ನು ಮಾಡುವುವಾದರೆ, ಎರಡೂ ಸೇರಿದಾಗ ಕೆಲಸವು ಇನ್ನೂ ಸುಲಭವಾಗಬೇಕಲ್ಲವೆ? ಬೆಚ್ಚಗಿರುವ ಮೊಟ್ಟೆ ಬೇಗನೆ ಗಟ್ಟಿಯಾಗಬೇಕು, ತಣ್ಣಗಿರುವುದು ನಿಧಾನವಾಗಿ. ಆದರೆ ಬ್ರಿಜ್‌ಮನ್ ಕಂಡುದು ಇದಕ್ಕೆ ತೀರ ವಿರುದ್ಧವಾದುದು. ಸೊನ್ನೆ ಡಿಗ್ರಿಯ ಚಳಿಯಲ್ಲಿ ಲೋಳೆಯು ಕೋಣೆಯ ಉಷ್ಣತೆಗಿಂತ ಸುಲಭವಾಗಿ ಹೆಪ್ಪುಗಟ್ಟುತ್ತಿದ್ದಿತು. ಇದು ನಿರೀಕ್ಷೆಗೆ ಎದುರಾದುದೆಂಬುದನ್ನು ಆತನು ಬಚ್ಚಿಡಲಿಲ್ಲ. ಕಂಡುದನ್ನು ಕಂಡಂತೆ ಬರೆದಿಟ್ಟು ತನ್ನ ಲೋಹಗಳ ಕಡೆಗೆ ಹಿಂದಿರುಗಿದನು.

೫

ಆ ಬಳಿಕ ಬಹುಕಾಲ ಈ ದಾರಿಯಲ್ಲಿ ನಡೆದವರು ಕೆಲವರೇ. ಫ್ರಾನ್ಸಿನ ಬಾಸೆ ಮತ್ತು ಮಾಶ್‌ಬಫ್ ಎಂಬವರು ೧೯೩೨ರಿಂದ ಮುಂದಕ್ಕೆ ಸೂಕ್ಷ್ಮಾಣುಗಳನ್ನೂ ಅವುಗಳ ವಿಷಗಳನ್ನೂ ಕಿಣ್ವಗಳನ್ನೂ ಭಾರಿ ಒತ್ತಡಗಳಿಗೆ ಗುರಿಮಾಡಿದರು. ಒತ್ತಡವು ಎಲ್ಲ ಕಿಣ್ವಗಳನ್ನೂ ಒಂದೇ ರೀತಿಯಾಗಿ ಬಾಧಿಸುವುದಿಲ್ಲವೆಂದು ಇಂತಹ ಕೆಲಸಗಳಿಂದ ತೋರಿಬಂದಿತು.

ಕಿಣ್ವವೆಂದರೇನೆಂಬುದನ್ನು ಇಲ್ಲಿ ಹೇಳಬೇಕು. ಹಾಲಿಗೆ ಹೆಪ್ಪು ಹಾಕಿದಾಗ ಹುಳಿಯೇರಿಸುವ ಕೆಲಸ, ನಾವು ಉಂಡುದನ್ನು ಜೀರ್ಣಿಸುವ ಕೆಲಸ, ಕೊಯ್ದಿಟ್ಟ ಸೇಬನ್ನು ಕಂದಾಗಿಸುವ ಕೆಲಸ — ಇವೆಲ್ಲವೂ ಕಿಣ್ವಗಳವೇ. ಅವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಪ್ರೋಟೀನುಗಳು. ಪ್ರೋಟೀನು ಎಂಬುದು ನೂರಾರು ಕೊಂಡಿಗಳ ಉದ್ದವಾದ ಸರಪಣಿ. ರಸಾಯನಶಾಸ್ತ್ರಜ್ಞರು ಪಾಲಿಮರ್ ಎಂದು ಕರೆಯುವ ಜಾತಿಗೆ ಸೇರಿದುದು. ಆದರೆ ಅದು ನೀರಿನಲ್ಲಿ ಹಗ್ಗದಂತೆ ತೇಲಾಡುತ್ತಿರುವುದಿಲ್ಲ. ಎಣ್ಣೆಯ ಗುಣವುಳ್ಳ ಕೊಂಡಿಗಳನ್ನು ನೀರಿಗೆ ಸೋಕದಂತೆ ಒಳಗಿಟ್ಟುಕೊಂಡು, ಉಳಿದವನ್ನು ಹೊರಗಿಟ್ಟು, ಗೊತ್ತಾದ ಒಂದು ಆಕಾರಕ್ಕೆ ಮಡಿಸಿಕೊಂಡಿರುವುದು. ಆ ಮಡಿಕೆಯೇ ಅದರ ಯೋಗ್ಯತೆ. ಮಡಿಕೆ ಬಿಚ್ಚಿದರೆ ಕಿಣ್ವದ ಕೆಲಸ ನಿಲ್ಲುವುದು; ಬಿಚ್ಚಿದ ಸರಪಣಿಗಳು ಒಂದಕ್ಕೊಂದು ತೊಡರಿಕೊಂಡರೆ ಲೋಳೆ ಹೆಪ್ಪುಗಟ್ಟುವುದು.

ಶಾಖವು ಈ ಮಡಿಕೆಯನ್ನು ಅಲುಗಾಡಿಸಿ ಬಿಚ್ಚುವುದು. ಒತ್ತಡ ಮಾಡುವ ಕೆಲಸ ಬೇರೆ. ಅದು ಯಾವಾಗಲೂ ಕಡಮೆ ಜಾಗವನ್ನು ಹುಡುಕುವುದು. ಈ ಭೇದವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದುದು ಮಿನುಗುವ ಸೂಕ್ಷ್ಮಾಣುಗಳು. ಸಮುದ್ರದಲ್ಲಿ ತಾವೇ ಬೆಳಕನ್ನು ಬೀರುವ ಸೂಕ್ಷ್ಮಾಣುಗಳಿವೆ. ಆ ಬೆಳಕು ಕಿಣ್ವವೊಂದರ ಕಾರ್ಯ. ಆದುದರಿಂದ ಜೀವಕೋಶವನ್ನು ಒಡೆಯದೆ, ಬೆಳಕಿನ ಏರಿಳಿತದಿಂದಲೇ ಕಿಣ್ವದ ನಾಡಿಯನ್ನು ಹಿಡಿದು ನೋಡಬಹುದು. ೧೯೪೨ರಲ್ಲಿ ಅಮೆರಿಕಾದ ಡುಗಾಲ್ಡ್ ಬ್ರೌನ್, ಫ್ರಾಂಕ್ ಜಾನ್ಸನ್, ಡಗ್ಲಸ್ ಮಾರ್ಸ್‌ಲ್ಯಾಂಡ್ ಎಂಬ ಮೂವರು ಇವುಗಳನ್ನು ಕೆಲವು ನೂರು ವಾಯುಭಾರಗಳಲ್ಲಿ ಅದುಮಿ ನೋಡಿದರು. ತಣ್ಣಗಿರುವಾಗ ಅದುಮಿದರೆ ಬೆಳಕು ಕುಗ್ಗಿತು. ಆದರೆ ಹಿತವಾದ ಉಷ್ಣತೆಯನ್ನು ಮೀರಿ ಕಾಯಿಸಿ ಬೆಳಕನ್ನು ಮಂಕುಮಾಡಿದ ಬಳಿಕ ಅದುಮಿದರೆ, ಆರುತ್ತಿದ್ದ ಬೆಳಕು ಮತ್ತೆ ಹೆಚ್ಚಿತು! ಶಾಖವು ಬಿಚ್ಚುತ್ತಿದ್ದ ಮಡಿಕೆಯನ್ನು ಒತ್ತಡವು ಹಿಡಿದು ನಿಲ್ಲಿಸಿತ್ತು. ಏಳು ಸಾವಿರ ವಾಯುಭಾರಗಳಲ್ಲಿ ಪ್ರೋಟೀನನ್ನು ಕೆಡಿಸಿದ ಒತ್ತಡವೇ ಇಲ್ಲಿ ಕೆಲವು ನೂರು ವಾಯುಭಾರಗಳಲ್ಲಿ ಅದನ್ನು ಕಾಪಾಡಿತು.

ಹೆನ್ರಿ ಐರಿಂಗ್ ಎಂಬ ಪ್ರಿನ್ಸ್‌ಟನ್ನಿನ ರಸಾಯನಶಾಸ್ತ್ರಜ್ಞನು ಇದಕ್ಕೆ ಗಣಿತದ ಭಾಷೆಯನ್ನು ಒದಗಿಸಿದನು. ಪ್ರತಿಯೊಂದು ರಾಸಾಯನಿಕ ಕ್ರಿಯೆಯೂ ನಡುವೆ ಒಂದು ಕಣಿವೆಯ ಬಾಗಿಲನ್ನು ದಾಟಿ ಹೋಗಬೇಕು. ಆ ಬಾಗಿಲಿನಲ್ಲಿ ಅಣುಗಳು ಹಿಡಿಯುವ ಜಾಗ ಮೊದಲಿಗಿಂತ ಹೆಚ್ಚಾದರೆ ಒತ್ತಡವು ಕ್ರಿಯೆಯನ್ನು ತಡೆಯುವುದು, ಕಡಮೆಯಾದರೆ ಮುಂದಕ್ಕೆ ನೂಕುವುದು. ಒಂದು ಕಿಣ್ವ ಒತ್ತಡದಲ್ಲಿ ಚುರುಕಾಗಿ ಇನ್ನೊಂದು ಮಂಕಾಗುವುದೇಕೆಂಬುದಕ್ಕೆ ಇದೇ ಉತ್ತರ.

೬

ಇನ್ನು ಮೊಟ್ಟೆಯ ಒಗಟಿಗೆ ಬರೋಣ. ೧೯೬೦ರಲ್ಲಿ ಜಪಾನಿನ ಸುಜುಕಿ ಎಂಬ ವಿದ್ವಾಂಸನು ಮೊಟ್ಟೆಯ ಬಿಳಿಯ ಮುಖ್ಯ ಪ್ರೋಟೀನು ಬೇರೆ ಬೇರೆ ಉಷ್ಣತೆಗಳಲ್ಲಿ ಒತ್ತಡದಿಂದ ಕೆಡುವ ವೇಗವನ್ನು ಅಳೆದನು. ೧೯೭೧ರಲ್ಲಿ ಅಮೆರಿಕಾದ ಹಾಲೀ ಎಂಬವನು ಕೈಮೋಟ್ರಿಪ್ಸಿನೋಜನ್ ಎಂಬ, ಜೀರ್ಣರಸದ ಕಿಣ್ವವೊಂದರ ಪೂರ್ವರೂಪವನ್ನು ತೆಗೆದುಕೊಂಡು ಅದರ ಮಡಿಕೆ ಉಳಿಯುವ ಎಲ್ಲೆಗಳನ್ನು ಗುರುತಿಸಿದನು. ಅಡ್ಡಲಾಗಿ ಉಷ್ಣತೆಯನ್ನೂ ಲಂಬವಾಗಿ ಒತ್ತಡವನ್ನೂ ಇಟ್ಟು ಈ ಎಲ್ಲೆಯನ್ನು ಬರೆದರೆ ಸಿಕ್ಕುವುದು ನೆಟ್ಟಗಿನ ಗೆರೆಯಲ್ಲ, ಓರೆಯಾಗಿ ಮಲಗಿದ ದೀರ್ಘವೃತ್ತದ ಭಾಗ. ಸ್ವಲ್ಪ ಹೆಚ್ಚು ಕಡಮೆ ಮೊಟ್ಟೆಯದೇ ಆಕಾರ! ಈ ಎಲ್ಲೆಯೊಳಗೆ ಪ್ರೋಟೀನು ಕ್ಷೇಮ. ಬಿಸಿಯ ಕಡೆಯಿಂದ ದಾಟಿದರೂ, ಒತ್ತಡದ ಕಡೆಯಿಂದ ದಾಟಿದರೂ, ತಣ್ಪಿನ ಕಡೆಯಿಂದ ದಾಟಿದರೂ ಅದು ಬಿಚ್ಚಿಕೊಳ್ಳುವುದು. ವೃತ್ತವು ಓರೆಯಾಗಿರುವುದರಿಂದ, ಬಿಸಿಯ ಅಂಚಿನಲ್ಲಿ ಸ್ವಲ್ಪ ಒತ್ತಡ ಹಾಕಿದರೆ ಪ್ರೋಟೀನು ಎಲ್ಲೆಯೊಳಕ್ಕೆ ಬರುವುದು. ಇದೇ ೧೯೪೨ರ ಬೆಳಕಿನ ಸಂಗತಿ. ಭಾರಿ ಒತ್ತಡದ ಅಂಚಿನಲ್ಲಿಯಾದರೋ ಉಷ್ಣತೆಯನ್ನು ಇಳಿಸಿದರೆ ಎಲ್ಲೆಯಿಂದ ಹೊರಬೀಳುವುದು. ಇದೇ ೧೯೧೪ರ ಮೊಟ್ಟೆಯ ಸಂಗತಿ. ಒಂದಕ್ಕೊಂದು ವಿರೋಧವೆಂದು ತೋರುತ್ತಿದ್ದ ಎರಡು ಅನುಭವಗಳು ಒಂದೇ ನಕ್ಷೆಯ ಎರಡು ಮೂಲೆಗಳಾಗಿ ನಿಂತುವು.

ಹಾಗಾದರೆ ಬಿಚ್ಚಿದ ಪ್ರೋಟೀನು ಕಡಮೆ ಜಾಗವನ್ನು ಹೇಗೆ ಹಿಡಿಯುವುದು? ಮಡಿಸಿದ ಬಟ್ಟೆಗಿಂತ ಬಿಚ್ಚಿದ ಬಟ್ಟೆಗೆ ಹೆಚ್ಚು ಜಾಗ ಬೇಕಲ್ಲವೆ? ಆದರೆ ಮಡಿಕೆ ಎಷ್ಟು ಬಿಗಿಯಾಗಿದ್ದರೂ ಒಳಗೆ ಅಲ್ಲಲ್ಲಿ ಚಿಕ್ಕ ಪೊಳ್ಳುಗಳು ಉಳಿದಿರುವುವು. ಒತ್ತಡವು ನೀರಿನ ಅಣುಗಳನ್ನು ಒಳಕ್ಕೆ ನೂಕಿ ಮಡಿಕೆಯನ್ನು ಬಿಚ್ಚಿದಾಗ ಈ ಪೊಳ್ಳುಗಳು ಇಲ್ಲವಾಗುವುವು. ಪ್ರೋಟೀನೂ ನೀರೂ ಕೂಡಿ ಹಿಡಿಯುವ ಜಾಗ ಮೊದಲಿಗಿಂತ ಒಂದಿಷ್ಟು ಕಡಮೆಯಾಗುವುದು. ಈ ಇಳಿತ ಸಾಮಾನ್ಯವಾಗಿ ಪ್ರೋಟೀನಿನ ಗಾತ್ರದ ನೂರರಲ್ಲೊಂದು ಪಾಲೂ ಇಲ್ಲ. ಆದರೂ ಸಾವಿರಾರು ವಾಯುಭಾರಗಳ ಮುಂದೆ ಅದೇ ನಿರ್ಣಾಯಕ. ೨೦೧೨ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ಒಂದು ಪ್ರೋಟೀನಿನ ಒಳಗಿನ ಕೊಂಡಿಗಳನ್ನು ಬದಲಾಯಿಸಿ ಬೇಕೆಂದೇ ಹೊಸ ಪೊಳ್ಳುಗಳನ್ನು ಮಾಡಿ ನೋಡಿದಾಗ, ಒತ್ತಡದಿಂದ ಬಿಚ್ಚುವುದಕ್ಕೆ ಪೊಳ್ಳುಗಳೇ ಮುಖ್ಯ ಕಾರಣವೆಂಬುದು ದೃಢಪಟ್ಟಿತು.

ಇದು ಜೀವಿಗಳ ಪ್ರೋಟೀನಿಗೆ ಮಾತ್ರ ಸಂಬಂಧಪಟ್ಟ ವಿಚಿತ್ರವೇ ಎಂದರೆ, ಅಲ್ಲ. ಮನುಷ್ಯನು ಪ್ರಯೋಗಶಾಲೆಯಲ್ಲಿ ಹೆಣೆದ ಪಾಲಿಮರುಗಳಲ್ಲಿಯೂ ಇಂತಹ ನಡತೆ ಕಾಣುವುದು. ಪಾಲಿ ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬುದು ತಣ್ಣೀರಿನಲ್ಲಿ ತಿಳಿಯಾಗಿ ಕರಗಿ, ಸುಮಾರು ೩೨ ಡಿಗ್ರಿಗೆ ಕಾಯಿಸಿದಾಗ ಹಾಲಿನಂತೆ ಬೆಳ್ಳಗಾಗುವ ವಸ್ತು. ಅದನ್ನು ಕೆಲವು ನೂರು ವಾಯುಭಾರಗಳವರೆಗೆ ಅದುಮಿದರೆ ಬೆಳ್ಳಗಾಗುವ ಉಷ್ಣತೆ ಸ್ವಲ್ಪ ಏರುವುದು. ಇನ್ನೂ ಅದುಮಿದರೆ ಇಳಿಯುವುದು. ಇಲ್ಲಿಯೂ ಎಲ್ಲೆ ಬಾಗಿದ ಗೆರೆಯೇ. ನೀರು, ಅದರಲ್ಲಿ ನೀರನ್ನು ಅರ್ಧ ಒಲ್ಲದ ಸರಪಣಿ — ಇವೆರಡಿದ್ದರೆ ಇಂತಹ ನಾಟಕ ನಡೆಯಬಲ್ಲುದು.

೭

ಈ ಜ್ಞಾನದಿಂದ ಆದ ಪ್ರಯೋಜನವೇನು? ಎರಡನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಆಹಾರದ ವಿಷಯ. ಹೈಟನ ಕನಸು ನೂರು ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ನನಸಾಯಿತು. ೧೯೮೭ರಲ್ಲಿ ಕ್ಯೋಟೋ ವಿಶ್ವವಿದ್ಯಾನಿಲಯದ ಹಯಾಶಿ ಎಂಬವನು ಶಾಖಕ್ಕೆ ಬದಲಾಗಿ ಒತ್ತಡದಿಂದ ಆಹಾರವನ್ನು ಸಂಸ್ಕರಿಸಬಹುದೆಂದು ಸಾರಿದನು. ೧೯೯೦ರಲ್ಲಿ ಒತ್ತಡದಿಂದ ಮಾಡಿದ ಹಣ್ಣಿನ ಜಾಮುಗಳು ಜಪಾನಿನ ಅಂಗಡಿಗಳಿಗೆ ಬಂದುವು. ಇಂದು ಹಲವು ದೇಶಗಳಲ್ಲಿ ಹಣ್ಣಿನ ರಸಗಳನ್ನು ಸುಮಾರು ಆರು ಸಾವಿರ ವಾಯುಭಾರಗಳಲ್ಲಿ ಕೆಲವು ನಿಮಿಷ ಅದುಮಿ ಮಾರುತ್ತಾರೆ. ಒತ್ತಡವು ಪ್ರೋಟೀನಿನ ಮಡಿಕೆಯನ್ನು ಬಿಚ್ಚುವುದೇ ಹೊರತು ಪರಮಾಣುಗಳ ನಡುವಣ ಬಲವಾದ ಬಂಧನಗಳನ್ನು ಮುರಿಯದು. ಆದುದರಿಂದ ಸೂಕ್ಷ್ಮಾಣುಗಳು ಸತ್ತರೂ ಹಣ್ಣಿನ ಬಣ್ಣ, ಪರಿಮಳ, ಜೀವಸತ್ವಗಳು ಬಹುಮಟ್ಟಿಗೆ ಉಳಿಯುವುವು. ಆದರೆ ಬೀಜಕಗಳು ಇಂದಿಗೂ ಸಾಯವು. ಹಣ್ಣನ್ನು ಕಂದಾಗಿಸುವ ಕಿಣ್ವದಂತಹ ಕೆಲವು ಹಟಮಾರಿಗಳೂ ಆ ಒತ್ತಡವನ್ನು ತಾಳಿಕೊಳ್ಳುವುವು. ಹಾಗಾಗಿ ಇಂತಹ ರಸವನ್ನು ತಣ್ಣಗೆ ಇಡಲೇಬೇಕು. ಬೆಂಕಿಗೆ ಬದಲು ದೊರೆತಿದೆ. ಬೆಂಕಿಯ ಕೆಲಸವೆಲ್ಲವೂ ಅದರಿಂದ ಆಗುವುದಿಲ್ಲ.

ಎರಡನೆಯದು ನಾವು ಹೊರಟ ಸಮುದ್ರದ ಪ್ರಶ್ನೆಯೇ. ಫೋರ್ಬ್ಸನು ಊಹಿಸಿದ ಎಲ್ಲೆ ಸುಳ್ಳಾಯಿತು. ಆದರೆ ಎಲ್ಲೆಯೇ ಇಲ್ಲವೆಂದಲ್ಲ. ಆಳದ ಮೀನುಗಳು ತಮ್ಮ ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತುವನ್ನು ಕೂಡಿಟ್ಟುಕೊಳ್ಳುವುವು. ಅದು ಪ್ರೋಟೀನಿನ ಮಡಿಕೆಯನ್ನು ಒತ್ತಡದಿಂದ ಕಾಪಾಡುವುದು. ಹೆಚ್ಚು ಆಳದಲ್ಲಿ ಬಾಳುವ ಮೀನಿನಲ್ಲಿ ಇದು ಹೆಚ್ಚು. ಆದರೆ ಹೆಚ್ಚುತ್ತ ಹೋದರೆ ಮೀನಿನ ರಕ್ತವು ಸಮುದ್ರದ ನೀರಿನಷ್ಟೇ ಸಾಂದ್ರವಾಗುವ ಘಟ್ಟವೊಂದು ಬರುವುದು. ಅದನ್ನು ದಾಟಿದರೆ ಹೊರಗಿನ ನೀರು ಮೈಯೊಳಕ್ಕೆ ನುಗ್ಗತೊಡಗುವುದು. ಈ ಘಟ್ಟ ಸುಮಾರು ೮೨೦೦ ಮೀಟರು ಆಳದಲ್ಲಿರಬೇಕೆಂದು ೨೦೧೪ರಲ್ಲಿ ವಿದ್ವಾಂಸರು ಲೆಕ್ಕಹಾಕಿದರು. ೨೦೨೨ರಲ್ಲಿ ಜಪಾನಿನ ಬಳಿ ೮೩೩೬ ಮೀಟರು ಆಳದಲ್ಲಿ ಮೀನೊಂದು ಛಾಯಾಚಿತ್ರಕ್ಕೆ ಸಿಕ್ಕಿತು. ಲೆಕ್ಕಕ್ಕೂ ಕಂಡುದಕ್ಕೂ ಇರುವ ಅಂತರ ಎಷ್ಟು ಸ್ವಲ್ಪವೆಂಬುದನ್ನು ವಾಚಕರೇ ನೋಡಬಹುದು. ಮೀನಿನ ಬಾಳಿನ ಮೇರೆಯನ್ನು ಹಾಕಿರುವುದು ಕತ್ತಲೆಯೂ ಅಲ್ಲ, ಹಸಿವೂ ಅಲ್ಲ. ನೀರಿನಲ್ಲಿ ಮಡಿಸಿಕೊಂಡಿರುವ ಒಂದು ಸರಪಣಿಯ ಮೇಲಿನ ಭಾರ.

ಬ್ರಿಜ್‌ಮನ್ ೧೯೬೧ರಲ್ಲಿ ತೀರಿಕೊಂಡನು. ಹಾಲೀಯ ನಕ್ಷೆಯನ್ನು ನೋಡುವುದಕ್ಕೆ ಆತನು ಇರಲಿಲ್ಲ. ಚಳಿಯಲ್ಲಿ ಮೊಟ್ಟೆ ಬೇಗ ಗಟ್ಟಿಯಾಯಿತೆಂಬ ಮಾತನ್ನು, ಯಂತ್ರದ ತಪ್ಪೋ ಕೈಯ ತಪ್ಪೋ ಇರಬೇಕೆಂದು ಆತನು ಬಿಟ್ಟುಬಿಡಬಹುದಾಗಿತ್ತು. ಇಲ್ಲವೆ ತೋಚಿದ ಒಂದು ಕಾರಣವನ್ನು ಹೇಳಿ ಮುಗಿಸಬಹುದಾಗಿತ್ತು. ಎರಡನ್ನೂ ಮಾಡದೆ ಬರೆದಿಟ್ಟನು. ಐವತ್ತಾರು ಐವತ್ತೇಳು ವರ್ಷಗಳ ಮೇಲೆ, ಮೊಟ್ಟೆಯನ್ನೇ ಮುಟ್ಟದ ಒಬ್ಬನು ಬೇರೊಂದು ಪ್ರೋಟೀನಿನಿಂದ ಎಳೆದ ಗೆರೆಯ ಒಂದು ಮೂಲೆಯಲ್ಲಿ ಆ ಮಾತಿಗೆ ಸ್ಥಳ ಸಿಕ್ಕಿತು.